‘ಆಮೇಲೆ ನೋಡೋಣ’ ಎಂದ ಸಾಹೇಬರು ವರ್ಗವಾಗಿ ಹೋದರು

ಹೋದ ವಾರ ಶಿವಮೊಗ್ಗದ ಬಿ.ಎಚ್. ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರ್ ಕೊಳ್ಳಲು ನಿಂತಿದ್ದೆ. ಹತ್ತು ರೂಪಾಯಿ ವ್ಯಾಪಾರ. ಆದ್ದರಿಂದ ಶೆಟ್ಟರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಗಮನವೆಲ್ಲ ಬಾಗಿಲ ಬಳಿ ಹೆಲ್ಮೆಟ್ ಕೈಲಿ ಹಿಡಿದು ನಿಂತಿದ್ದ, ನಲವತ್ತರ ಆಸುಪಾಸಿನ ಒಬ್ಬ ಮನುಷ್ಯನ ಮೇಲಿತ್ತು.

“ಏನಪ್ಪಾ, ಈ ತಿಂಗಳೂ ಇಲ್ವಾ?”

“ಬಿಲ್ಲು ಆಗಿಲ್ಲ ಶೆಟ್ರೇ.”

“ನಿನ್ನ ಬಿಲ್ಲು ಆಗೋವರೆಗೆ ಸಿಮೆಂಟ್ ಕಂಪನಿಯೋನು ಕಾಯ್ತಾನಾ? ಅವನಿಗೆ ದುಡ್ಡು ಕಟ್ಟಿದ್ರೇನೇ ಲಾರಿ ಹೊರಡೋದು.”

ಆ ಮನುಷ್ಯ ಉತ್ತರ ಕೊಡಲಿಲ್ಲ. ಶೆಟ್ಟರು ಖಾತೆ ಪುಸ್ತಕ ತೆಗೆದು ಒಂದು ಹಾಳೆಯ ಮೇಲೆ ಬೆರಳಿಟ್ಟರು. ಎರಡು ಲಕ್ಷ ನಲವತ್ತು ಸಾವಿರ. ಕಬ್ಬಿಣ, ಸಿಮೆಂಟು, ಬೈಂಡಿಂಗ್ ವೈರು. ನನ್ನ ವಾಷರಿನ ಚಿಲ್ಲರೆ ಆಮೇಲೆ ಬಂತು.

ಅವರನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದೆ. ಸರ್ಕಾರಿ ಕೆಲಸ ಹಿಡಿಯುವ ಸಣ್ಣ ಕಂಟ್ರಾಕ್ಟರು. ಹೆಸರು ಬೇಡ, ತಾಲ್ಲೂಕು ಬೇಡ, ಇಲಾಖೆಯೂ ಬೇಡ. ಹೇಳಿದರೆ ಮುಂದಿನ ಬಿಲ್ಲಿಗೂ ಕುತ್ತು ಬರುತ್ತದೆ ಎಂದು ಅವರೇ ಕೈ ಮುಗಿದರು. ಒಂದು ಹೋಬಳಿ ಊರಿನಲ್ಲಿ ಚರಂಡಿ ಮತ್ತು ಬಸ್ ತಂಗುದಾಣ ಕಟ್ಟುವ ಕೆಲಸ. ಟೆಂಡರಿನ ಮೊತ್ತ 18 ಲಕ್ಷ. ಕೆಲಸ ಮುಗಿದದ್ದು 2024ರ ಮಾರ್ಚ್‌ನಲ್ಲಿ. ಎರಡು ಸಲ ರನ್ನಿಂಗ್ ಬಿಲ್ಲು ಆಗಿ ಹನ್ನೊಂದೂವರೆ ಲಕ್ಷ ಬಂದಿದೆ. ಉಳಿದ ಆರೂವರೆ ಲಕ್ಷ ಇವತ್ತಿಗೂ ಬಂದಿಲ್ಲ. ಇದು ಒಂದು ಕಥೆ.

ಇನ್ನೊಂದು ಕಥೆ ಇದಕ್ಕಿಂತ ಕೆಟ್ಟದ್ದು. ಕೆಲಸ ನಡೆಯುವಾಗ ತಂಗುದಾಣದ ಹಿಂದಿನ ಧರೆ ಕುಸಿಯುವ ಹಾಗಿತ್ತು. ಸ್ಥಳಕ್ಕೆ ಬಂದ ಇಂಜಿನಿಯರ್ ಸಾಹೇಬರು ನೋಡಿ, “ಇಲ್ಲಿಗೊಂದು ತಡೆಗೋಡೆ ಎಳೆದುಬಿಡಪ್ಪಾ, ಮಳೆಗಾಲ ಬಂದ್ರೆ ಮರ್ಯಾದೆ ಹೋಗುತ್ತೆ. ಎಸ್ಟಿಮೇಟ್ ಆಮೇಲೆ ನೋಡೋಣ” ಅಂದರಂತೆ. ಇವರು ಗೋಡೆ ಎಳೆದರು. ಸುಮಾರು ಮೂರು ಲಕ್ಷದ ಗೋಡೆ. ಸಾಹೇಬರು ಬೇರೆ ಜಿಲ್ಲೆಗೆ ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರು ಫೈಲು ತಿರುವಿ ಹಾಕಿ, “ಗೋಡೆ ಎಲ್ಲಿ ಸ್ಯಾಂಕ್ಷನ್ ಆಗಿದೆ, ತೋರಿಸಿ” ಎಂದು ಕೇಳುತ್ತಿದ್ದಾರೆ. ಗೋಡೆ ಊರಿನಲ್ಲಿದೆ, ಫೈಲಿನಲ್ಲಿಲ್ಲ!

ಓದುಗರಲ್ಲಿ ಕೆಲವರು ಈಗಾಗಲೇ ಮೂಗು ಮುರಿದಿರಬಹುದು. ಕಂಟ್ರಾಕ್ಟರಿಗೇಕೆ ಇಷ್ಟು ಕಣ್ಣೀರು ಸ್ವಾಮಿ ಎಂದು. ನ್ಯಾಯವೇ. ಕಂಟ್ರಾಕ್ಟರ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಿಳೀ ಷರಟು, ದೊಡ್ಡ ಕಾರು, ಮಂತ್ರಿಗಳ ಪಕ್ಕದಲ್ಲಿ ಫ್ಲೆಕ್ಸಿನಲ್ಲಿ ನಿಂತ ಮುಖ. ಒಂದೇ ಮಳೆಗೆ ಕಿತ್ತು ಹೋದ ಡಾಂಬರಿನ ಮೇಲೆ ದಿನಾ ಬಸ್ಸಿನಲ್ಲಿ ಎಗರಿ ಬೀಳುವವರಿಗೆ ಅವರ ಬಗ್ಗೆ ಮಮಕಾರ ಹುಟ್ಟಬೇಕಾಗಿಲ್ಲ. ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಅಂಗಡಿ ಮುಂದೆ ಗುಂಡಿ ತೋಡಿಸಿಕೊಂಡು ತಿಂಗಳುಗಟ್ಟಲೆ ವ್ಯಾಪಾರ ಕಳೆದುಕೊಂಡವರಿಗೆ ಹೇಳುವುದೇ ಬೇಡ.

ಆದರೆ ಆ ದೊಡ್ಡ ಕಾರಿನವರ ಬಿಲ್ಲು ನಿಲ್ಲುವುದಿಲ್ಲ. ನಿಲ್ಲುವುದು ಹೆಲ್ಮೆಟ್ ಹಿಡಿದು ನಿಂತವರದು. ಅವರ ಬಿಲ್ಲು ನಿಂತರೆ ಶೆಟ್ಟರ ಖಾತೆ ನಿಲ್ಲುತ್ತದೆ, ಮೇಸ್ತ್ರಿಯ ಶನಿವಾರದ ಬಟವಾಡೆ ನಿಲ್ಲುತ್ತದೆ, ಅರ್ಧ ಮುಚ್ಚಿದ ಚರಂಡಿಯ ಪಕ್ಕದಲ್ಲಿ ಬಸ್ಸಿಗಾಗಿ ನೀವು ನಿಲ್ಲುತ್ತೀರಿ. ಶೆಟ್ಟರು ಇಲಾಖೆಯ ಮೇಲೆ ದಾವೆ ಹಾಕುವ ಹಾಗಿಲ್ಲ, ಅವರಿಗೂ ಇಲಾಖೆಗೂ ಕರಾರು ಇಲ್ಲ. ಕಂಟ್ರಾಕ್ಟರಿಗೆ ಹಣ ಬಂದರೆ ಮಾತ್ರ ಅವರಿಗೆ ಬಂತು.

ಕರಾರಿಲ್ಲದ ಕೆಲಸಕ್ಕೂ ಕಾನೂನಿದೆ

“ಬಾಯಿಮಾತಿನ ಮೇಲೆ ಕಟ್ಟಿದ ಗೋಡೆಗೆ ದುಡ್ಡು ಸಿಗಲ್ಲ, ಬಿಟ್ಟುಬಿಡು” ಎಂದು ಆ ಕಂಟ್ರಾಕ್ಟರಿಗೆ ಕಚೇರಿಯ ಗುಮಾಸ್ತರು ಬುದ್ಧಿ ಹೇಳಿದ್ದಾರಂತೆ. ಕಾನೂನಿನಲ್ಲಿ ಅದು ಪೂರ್ತಿ ನಿಜವಲ್ಲ. ಈ ಅಂಕಣಕಾರ ವಕೀಲನಲ್ಲ. ಕೋರ್ಟು ವರದಿ ಮಾಡುತ್ತಾ, ಕ್ಯಾಂಟೀನಿನಲ್ಲಿ ವಕೀಲರ ತಲೆ ತಿನ್ನುತ್ತಾ ಕಲಿತದ್ದಷ್ಟನ್ನು ಇಲ್ಲಿ ಹೇಳುತ್ತೇನೆ.

ಸರ್ಕಾರದ ಜೊತೆ ಕರಾರು ಆಗಬೇಕಾದರೆ ಸಂವಿಧಾನದ 299ನೇ ವಿಧಿಯ ಪ್ರಕಾರ ಅದು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಇದ್ದವರ ಸಹಿಯೊಂದಿಗೆ ಆಗಬೇಕು. ಸ್ಥಳದಲ್ಲಿ ನಿಂತು ಕೈ ತೋರಿಸಿದ ಇಂಜಿನಿಯರರ ಮಾತು ಕರಾರು ಅಲ್ಲ. ಗುಮಾಸ್ತರ ಮಾತು ಅಲ್ಲಿಗೆ ಸರಿ. ಆದರೆ 1872ರ ಕರಾರು ಕಾಯಿದೆಯಲ್ಲಿ 70ನೇ ಕಲಮು ಅಂತ ಒಂದಿದೆ. ಒಬ್ಬ ಇನ್ನೊಬ್ಬನಿಗಾಗಿ ಕಾನೂನಿಗೆ ವಿರುದ್ಧವಲ್ಲದ ಕೆಲಸ ಮಾಡಿದ, ಧರ್ಮಕ್ಕೆ ಅಂತ ಮಾಡಲಿಲ್ಲ, ಇನ್ನೊಬ್ಬ ಅದರ ಪ್ರಯೋಜನ ಪಡೆದ. ಹಾಗಿದ್ದರೆ ಪ್ರಯೋಜನ ಪಡೆದವನು ಪರಿಹಾರ ಕೊಡಬೇಕು. ಅಷ್ಟೇ.

ಇದು ಸರ್ಕಾರಕ್ಕೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಬಂಗಾಳದ ಒಂದು ಮೊಕದ್ದಮೆಯಲ್ಲಿ ಬಂತು. 1944, ಯುದ್ಧದ ಕಾಲ. ಸಿವಿಲ್ ಸಪ್ಲೈಸ್ ಇಲಾಖೆಗೆ ದಾಸ್ತಾನು ಶೆಡ್ಡು ಬೇಕಾಗಿತ್ತು. ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಕಂಟ್ರಾಕ್ಟರ್ ಸಂಸ್ಥೆ ಅರಾಂಬಾಗ್ ಕಡೆ ಅಧಿಕಾರಿಗಳು ಹೇಳಿದಂತೆ ಶೆಡ್ಡು, ಕಚ್ಚಾ ರಸ್ತೆ, ಅಡಿಗೆಮನೆ ಎಲ್ಲ ಕಟ್ಟಿಕೊಟ್ಟಿತು. ಇಲಾಖೆ ಅವನ್ನು ಬಳಸಿತು. ದುಡ್ಡು ಕೇಳಿದರೆ “ಕಾನೂನುಬದ್ಧ ಕರಾರೇ ಆಗಿಲ್ಲವಲ್ಲ” ಎಂದಿತು. ಬಾಕಿ ಎಷ್ಟು ಅಂದುಕೊಂಡಿರಿ? 19,325 ರೂಪಾಯಿ. ಆ ಹಣಕ್ಕಾಗಿ ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಾಧೀಶರ ಪೀಠದವರೆಗೆ ಹೋಗಬೇಕಾಯಿತು. 1961ರ ಡಿಸೆಂಬರಿನಲ್ಲಿ ತೀರ್ಪು ಬಂತು. ಕರಾರು ಊರ್ಜಿತವಲ್ಲದಿದ್ದರೂ ಸರ್ಕಾರ ಕಟ್ಟಡದ ಪ್ರಯೋಜನ ಪಡೆದಿದೆ, ಆದ್ದರಿಂದ 70ನೇ ಕಲಮಿನಂತೆ ಹಣ ಕೊಡಲೇಬೇಕು ಎಂದಾಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ನಮ್ಮ ಗಜೇಂದ್ರಗಡದ ಹೆಸರು ಹೊತ್ತ ಮನೆತನದವರು.

ಹಾಗೆಂದು ಇದನ್ನು ನೆಚ್ಚಿಕೊಂಡು ಯಾರೂ ಗೋಡೆ ಎಳೆಯಬಾರದು. 70ನೇ ಕಲಮಿನಲ್ಲಿ ಸಿಗುವುದು ಟೆಂಡರಿನ ದರವಲ್ಲ, ಸರ್ಕಾರಕ್ಕೆ ಆದ ಪ್ರಯೋಜನದ ಬೆಲೆ. ನೀವು ಕಟ್ಟಿದ್ದು ಹೌದು, ಅವರು ಹೇಳಿದ್ದು ಹೌದು, ಬೇಡ ಎನ್ನದೆ ಬಳಸಿದ್ದು ಹೌದು ಎಂದು ಒಂದೊಂದನ್ನೂ ನೀವೇ ರುಜುವಾತು ಮಾಡಬೇಕು. ಮೇಲಾಗಿ ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕ ಕಾಯಿದೆ ಬಂದ ಮೇಲೆ ಟೆಂಡರಿಲ್ಲದ ಕೆಲಸವೆಂದರೆ ಇಲಾಖೆಯ ವಕೀಲರಿಗೆ ಒಳ್ಳೆಯ ಅಸ್ತ್ರ. “ಕಾನೂನಿಗೆ ವಿರುದ್ಧವಾಗಿ ಮಾಡಿದ್ದು” ಎಂದು ಮೊದಲ ದಿನವೇ ಎದ್ದು ನಿಲ್ಲುತ್ತಾರೆ.

2022ರ ಏಪ್ರಿಲ್ ತಿಂಗಳು ನಮ್ಮ ಜಿಲ್ಲೆಯವರಿಗೆ ಮರೆತಿರಲಾರದು. ಬೆಳಗಾವಿಯ ಒಬ್ಬ ಕಂಟ್ರಾಕ್ಟರು ಉಡುಪಿಯ ಲಾಡ್ಜಿನಲ್ಲಿ ಸತ್ತರು. ಹಿಂಡಲಗಾ ಗ್ರಾಮದಲ್ಲಿ ಸುಮಾರು 4 ಕೋಟಿ ರೂಪಾಯಿ ಕೆಲಸ ಮಾಡಿದ್ದೇನೆ, ಹಣ ಬಂದಿಲ್ಲ, ಕಮಿಷನ್ ಕೇಳುತ್ತಿದ್ದಾರೆ ಎಂಬುದು ಅವರ ದೂರು. ಕಾರ್ಯಾದೇಶವನ್ನೇ ಕೊಟ್ಟಿಲ್ಲ ಎಂಬುದು ಇಲಾಖೆಯ ಉತ್ತರ. ನಮ್ಮ ಊರಿನವರೇ ಆದ ಮಂತ್ರಿಗಳು ಆರೋಪ ಅಲ್ಲಗಳೆದರು, ರಾಜೀನಾಮೆಯನ್ನೂ ಕೊಟ್ಟರು. ಅದೇ ಜುಲೈನಲ್ಲಿ ಪೊಲೀಸರು ಸಾಕ್ಷ್ಯವಿಲ್ಲವೆಂದು ‘ಬಿ’ ವರದಿ ಹಾಕಿದರು. ಅದಕ್ಕೂ ಮುಂಚೆ, 2021ರ ಜುಲೈನಲ್ಲೇ, ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ನೂರಕ್ಕೆ 40 ಕಮಿಷನ್ನಿನ ಮಾತು ಎತ್ತಿತ್ತು. ಆ 40ರ ಗದ್ದಲದಲ್ಲಿ ಕಾರ್ಯಾದೇಶದ ಮಾತು ಮುಳುಗಿಹೋಯಿತು. ಪಾರ್ಟಿಗಳಿಗೆ ಬೇಕಾಗಿದ್ದದ್ದು 40. ಕಾಗದವಿಲ್ಲದೆ ಕೋಟಿಗಟ್ಟಲೆ ಕೆಲಸ ಹೇಗೆ ಶುರುವಾಗುತ್ತದೆ, ಯಾರು ಶುರು ಮಾಡಿಸುತ್ತಾರೆ ಎಂದು ವಿಧಾನಸೌಧದಲ್ಲಾಗಲಿ ಹೋಟೆಲಿನಲ್ಲಾಗಲಿ ಗಟ್ಟಿಯಾಗಿ ಕೇಳಿದವರು ಕಡಿಮೆ.

ಮೂರು ವರ್ಷ ಮತ್ತು ಮೂವತ್ತು ವರ್ಷ

ಹೋಟೆಲಿನಲ್ಲಿ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಸಲ ಬರೆದು ಕೊಟ್ಟಿದ್ದೀರಿ ಎಂದು. “ಬರೆಯೋದೇನು ಸಾರ್, ವಾರಕ್ಕೊಂದು ಸಲ ಹೋಗಿ ನಿಂತ್ಕೋತೀನಿ” ಅಂದರು. ಹೋಗಿ ನಿಂತದ್ದಕ್ಕೆ ಕೋರ್ಟಿನಲ್ಲಿ ಲೆಕ್ಕವಿಲ್ಲ. ಆಮೇಲೆ ನೆನಪು ಮಾಡಿಕೊಂಡು, ಎರಡು ಅರ್ಜಿ ಕೊಟ್ಟಿದ್ದೇನೆ ಅಂದರು. ಟಪಾಲು ಶಾಖೆಯ ಸೀಲು ಹಾಕಿಸಿದ ನಕಲು ಕೇಳಿದರೆ ಇಲ್ಲ.

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. 1963ರ ಕಾಲಮಿತಿ ಕಾಯಿದೆಯಲ್ಲಿ, ಹಣ ಕೊಡುವ ದಿನ ಗೊತ್ತು ಮಾಡಿರದಿದ್ದರೆ, ಮಾಡಿದ ಕೆಲಸದ ಬೆಲೆ ಕೇಳಿ ದಾವೆ ಹಾಕಲು ಇರುವ ಅವಧಿ ಕೆಲಸ ಮುಗಿದಾಗಿನಿಂದ ಮೂರು ವರ್ಷ. ಅದು ಕಳೆದರೆ ಹಕ್ಕಿದ್ದೂ ಕೋರ್ಟಿನ ಬಾಗಿಲು ಮುಚ್ಚಿತು. ನೀವು ಜ್ಞಾಪನ ಪತ್ರ ಎಷ್ಟು ಬರೆದರೂ ಆ ಮೂರು ವರ್ಷ ಬೆಳೆಯುವುದಿಲ್ಲ. ಬೆಳೆಯಬೇಕಾದರೆ ಅವಧಿ ಮುಗಿಯುವುದರೊಳಗೆ ಇಲಾಖೆ ಸಹಿ ಮಾಡಿ “ಹೌದು, ಬಾಕಿ ಇದೆ” ಎಂದು ಬರೆದುಕೊಡಬೇಕು, ಇಲ್ಲವೇ ಸ್ವಲ್ಪ ಹಣವನ್ನಾದರೂ ಆ ಬಾಬ್ತು ಪಾವತಿ ಮಾಡಿ ಅದಕ್ಕೆ ಲಿಖಿತ ದಾಖಲೆ ಇರಬೇಕು. ಮುಂದಿನ ಗ್ರಾಂಟಿನಲ್ಲಿ ಮಾಡೋಣ, ಎಲೆಕ್ಷನ್ ಕಳೆಯಲಿ, ಮಾರ್ಚ್ ಬರಲಿ. ಹೀಗೆ ಮೂರು ಮಾರ್ಚ್ ಹೋದರೆ ಮುಗಿಯಿತು.

ಸರ್ಕಾರವೇ ಕಂಟ್ರಾಕ್ಟರ ಮೇಲೆ ದಾವೆ ಹಾಕುವುದಾದರೆ ಎಷ್ಟು ವರ್ಷ ಗೊತ್ತೇ? ಅದೇ ಕಾಯಿದೆಯಲ್ಲಿ 30 ವರ್ಷ. ನಿಮಗೆ ಮೂರು, ಅವರಿಗೆ ಮೂವತ್ತು. ಬ್ರಿಟಿಷರ ಕಾಲದ ಕಾಯಿದೆಯಲ್ಲಿ ಇನ್ನೂ ಹೆಚ್ಚಿತ್ತಂತೆ, ಅದಕ್ಕೆ ನಾವು ಸಂತೋಷಪಡಬೇಕೋ ಏನೋ.

ಅಂಗಡಿಯವರೂ ಇಲ್ಲಿ ಕಿವಿ ನಿಮಿರಿಸಬೇಕು. ವಾಯಿದೆ ಗೊತ್ತು ಮಾಡದೆ ಸಾಲವಾಗಿ ಕೊಟ್ಟ ಸಾಮಾನಿನ ಬೆಲೆಗೂ ಮೂರೇ ವರ್ಷ, ಸಾಮಾನು ಕೊಟ್ಟ ದಿನದಿಂದ. ಕಂಟ್ರಾಕ್ಟರ ಬಿಲ್ಲು ಆಗಲಿ ಎಂದು ಕಾಯುತ್ತಾ ಕೂತರೆ ಶೆಟ್ಟರ ಖಾತೆಯೂ ಸತ್ತುಹೋಗುತ್ತದೆ. ವರ್ಷಕ್ಕೊಂದು ಸಲ ಖಾತೆಯ ಬಾಕಿ ತೋರಿಸಿ ಸಹಿ ಮಾಡಿಸಿಕೊಂಡರೆ ಮನಸ್ತಾಪವೂ ಇಲ್ಲ, ಗಡುವೂ ಉಳಿಯುತ್ತದೆ.

ದಾವೆ ಎಂದರೆ ನೇರವಾಗಿ ಹೋಗಿ ಹಾಕುವ ಹಾಗೂ ಇಲ್ಲ. ಸರ್ಕಾರದ ಮೇಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು. ಕಟ್ಟಡ-ರಸ್ತೆ ಕರಾರಿನ ತಕರಾರು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟದ್ದಾದರೆ ಅದು ವಾಣಿಜ್ಯ ನ್ಯಾಯಾಲಯದ ವಿಷಯ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಸಂಧಾನಕ್ಕೆ ಹೋಗಿ ಬಂದಿರಬೇಕು. ಅದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದು ಒಂದು ಲೆಕ್ಕಕ್ಕೆ ಸಣ್ಣವರಿಗೆ ಒಳ್ಳೆಯದೇ. ವಕೀಲರ ಫೀಜು, ಕೋರ್ಟು ಫೀಜು ಕಟ್ಟುವ ಮೊದಲು ಇಲಾಖೆಯವರನ್ನು ಎದುರಿಗೆ ಕೂರಿಸಿ ಕೇಳುವ ಒಂದು ಅವಕಾಶ.

ಇಲಾಖೆ “ಕೆಲಸ ಆಗಿದೆ, ಅಳತೆ ಸರಿ ಇದೆ, ಬಾಕಿಯೂ ನಿಜ, ಹಣ ಮಾತ್ರ ಇಲ್ಲ” ಎಂದು ಒಪ್ಪುವಂಥ ಬಿಲ್ಲಾದರೆ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ತಕರಾರಿಲ್ಲದ ಬಾಕಿಗೆ ರಿಟ್ ನಡೆಯುತ್ತದೆ ಎಂದು ಉತ್ತರ ಪ್ರದೇಶದ ಸೂರ್ಯ ಕನ್‌ಸ್ಟ್ರಕ್ಷನ್ಸ್ ಮೊಕದ್ದಮೆಯಲ್ಲಿ 2019ರಲ್ಲಿ ವರದಿಯಾದ ತೀರ್ಪಿದೆ. ಗುಟ್ಟು ಇರುವುದು ‘ಒಪ್ಪಿದ ಬಾಕಿ’ ಎನ್ನುವುದರಲ್ಲಿ. ಅದಕ್ಕೇ ಬುದ್ಧಿವಂತ ಕಚೇರಿಗಳು ಬಾಕಿ ಇಲ್ಲ ಎಂದೂ ಬರೆಯುವುದಿಲ್ಲ, ಇದೆ ಎಂದೂ ಬರೆಯುವುದಿಲ್ಲ. ಫೈಲು ‘ಪರಿಶೀಲನೆಯಲ್ಲಿದೆ’.

ಹೆದರಿಸುವವರಿಗೂ ಕೋರ್ಟು ಹೇಳಿದ್ದಿದೆ

ನಮ್ಮ ಕಂಟ್ರಾಕ್ಟರಿಗೆ ಇನ್ನೊಂದು ಭಯ ಇದೆ. ತಂಗುದಾಣ ಮೂರು ತಿಂಗಳು ತಡವಾಗಿತ್ತು. ಕಾರಣ, ಜಾಗದಲ್ಲಿದ್ದ ವಿದ್ಯುತ್ ಕಂಬ ತೆಗೆಸಿಕೊಟ್ಟದ್ದೇ ತಡ. ಈಗ ಹಣ ಕೇಳಿದರೆ “ನಿನ್ನ ಮೇಲೇ ದಂಡ ಹಾಕಿ ಠೇವಣಿ ಮುಟ್ಟುಗೋಲು ಹಾಕ್ತೀವಿ” ಅನ್ನುತ್ತಾರಂತೆ.

ಇದಕ್ಕೆ ಉತ್ತರ ದೆಹಲಿಯಲ್ಲಿ ಹುಡುಕಬೇಕಾಗಿಲ್ಲ. ನಮ್ಮ ತೀರ್ಥಹಳ್ಳಿಯಿಂದಲೇ ಹೋದ ಮೊಕದ್ದಮೆ ಇದೆ. ಶ್ರೀ ರಾಮೇಶ್ವರ ರೈಸ್ ಮಿಲ್ಲಿಗೂ ಸರ್ಕಾರಕ್ಕೂ ಭತ್ತ ಅಕ್ಕಿ ಮಾಡಿಕೊಡುವ ಕರಾರು. ಮಿಲ್ಲಿನವರು ಕರಾರು ಮುರಿದರು ಎಂದು ಸರ್ಕಾರದ ಕಡೆಯವರೇ ತೀರ್ಮಾನಿಸಿ, ನಷ್ಟ ಇಷ್ಟು ಎಂದು ತಾವೇ ಗೊತ್ತುಮಾಡಿ, ಕಂದಾಯ ಬಾಕಿಯ ಹಾಗೆ ವಸೂಲಿಗೆ ಹೊರಟರು. 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕರಾರಿನ ಒಂದು ಪಕ್ಷ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವಂತಿಲ್ಲ. ಮುರಿದದ್ದನ್ನು ಎದುರಿನವನು ಒಪ್ಪಿದ್ದರೆ ನಷ್ಟದ ಲೆಕ್ಕ ಹಾಕಬಹುದು. ಒಪ್ಪದಿದ್ದರೆ ಬೇರೆಯವರು ತೀರ್ಮಾನಿಸಬೇಕು. ದೇಶದ ಮೂಲೆಮೂಲೆಯ ಕಂಟ್ರಾಕ್ಟರ ವಕೀಲರು ಇವತ್ತಿಗೂ ತೀರ್ಥಹಳ್ಳಿಯ ಹೆಸರು ಹೇಳುತ್ತಾರೆ. ತೀರ್ಥಹಳ್ಳಿ ಬಸ್ಸಿನಲ್ಲಿ ಓಡಾಡುವ ನಮ್ಮ ಕಂಟ್ರಾಕ್ಟರುಗಳಿಗೆ ಮಾತ್ರ ಗೊತ್ತಿಲ್ಲ.

ಠೇವಣಿ ಮುಟ್ಟುಗೋಲಿನ ಬಗ್ಗೆ ಮೌಲಾ ಬಕ್ಷ್ ಎಂಬುವರ ಮೊಕದ್ದಮೆಯಿದೆ. ಮಿಲಿಟರಿಗೆ ಆಲೂಗೆಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸುವ ಗುತ್ತಿಗೆ. ಸರಿಯಾಗಿ ಒದಗಿಸಲಿಲ್ಲ ಎಂದು 10,000 ಮತ್ತು 8,500 ರೂಪಾಯಿ ಠೇವಣಿ ಸರ್ಕಾರ ನುಂಗಿತ್ತು. ಆದ ನಷ್ಟವನ್ನು ರುಜುವಾತು ಮಾಡಬಹುದಾದ ಕಡೆ ರುಜುವಾತು ಮಾಡದೆ ಭದ್ರತಾ ಠೇವಣಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಹಿಂದಕ್ಕೆ ಕೊಡಿಸಿತು. ಟೆಂಡರಿನ ಜೊತೆ ಕಟ್ಟುವ ಇ.ಎಂ.ಡಿ. ಮಾತು ಬೇರೆ, ಅದನ್ನೂ ಇದನ್ನೂ ಕಲಸಬಾರದು.

ಕಂಬದ ವಿಷಯದಲ್ಲಿ ಮಾತ್ರ ಕಂಟ್ರಾಕ್ಟರದೇ ತಪ್ಪಿದೆ, ಅದನ್ನೂ ಹೇಳಬೇಕು. ಜಾಗ ತಡವಾಗಿ ಕೊಟ್ಟರೆ ಕೆಲಸ ಮುಂದುವರಿಸುವಾಗಲೇ “ನಿಮ್ಮ ತಡದಿಂದ ಆಗುವ ನಷ್ಟ ಕೇಳುತ್ತೇನೆ” ಎಂದು ನೋಟಿಸು ಕೊಟ್ಟಿರಬೇಕು. ಕರಾರು ಕಾಯಿದೆಯ 55ನೇ ಕಲಮು ಹಾಗೆ ಹೇಳುತ್ತದೆ. ಸುಮ್ಮನೆ ಒಪ್ಪಿಕೊಂಡು ಕೆಲಸ ಮಾಡಿ ಆಮೇಲೆ ಕೇಳಿದರೆ ಇಲ್ಲ. ಹೈದರಾಬಾದ್ ನಗರಪಾಲಿಕೆಯ ಒಂದು ಮೊಕದ್ದಮೆಯಲ್ಲಿ ಕೆಲಸ ಎಳೆದಾಗ ಕಂಟ್ರಾಕ್ಟರು ಆಗಲೇ ಹೆಚ್ಚಿನ ದರ ಕೇಳಿ ಬರೆದಿದ್ದರು. 1985ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಹೆಚ್ಚಿನ ದರ ಕೊಡಿಸಿತು. ನಮ್ಮ ಮಲೆನಾಡಿನಲ್ಲಿ ಕಂಬ, ಮರ, ಅರಣ್ಯದವರ ತಕರಾರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಹೀಗೆ ತಡಕ್ಕೆ ನೂರು ಕಾರಣ. ಒಂದಕ್ಕೂ ಕಾಗದ ಇರುವುದಿಲ್ಲ.

‘ಇನ್ನೇನೂ ಬಾಕಿ ಇಲ್ಲ’ ಎಂದು ಬರೆಸಿಕೊಳ್ಳುವ ಚಾಳಿಯೂ ಇದೆ. ಫೈನಲ್ ಬಿಲ್ಲಿನ ಚೆಕ್ಕು ತೋರಿಸಿ, ಮೊದಲು ಇದಕ್ಕೆ ಸಹಿ ಹಾಕು ಎನ್ನುವುದು. ಮೇಸ್ತ್ರಿ ಮನೆ ಬಾಗಿಲಲ್ಲಿ ಕೂತಿರುವಾಗ ಯಾರು ಹಾಕುವುದಿಲ್ಲ? ಎನ್.ಟಿ.ಪಿ.ಸಿ. ವಿರುದ್ಧ ರೇಷ್ಮಿ ಕನ್‌ಸ್ಟ್ರಕ್ಷನ್ಸ್ ಮೊಕದ್ದಮೆಯಲ್ಲಿ ಕಂಟ್ರಾಕ್ಟರು ಹಾಗೆ ಸಹಿ ಹಾಕಿ, ಕೂಡಲೇ “ಬೇರೆ ದಾರಿ ಇಲ್ಲದೆ ಹಾಕಿದ್ದೇನೆ, ಹಕ್ಕು ಬಿಟ್ಟಿಲ್ಲ” ಎಂದು ಪತ್ರ ಬರೆದರು. ಸಹಿ ಬಿದ್ದ ಮಾತ್ರಕ್ಕೆ ತಕರಾರು ಸಾಯುವುದಿಲ್ಲ ಎಂದು 2004ರಲ್ಲಿ ತೀರ್ಪಾಯಿತು. ಉಳಿಸಿದ್ದು ಆ ಕಾಗದ. ಬಡ್ಡಿಯದೂ ಅದೇ ಕಥೆ. ಕರಾರಿನಲ್ಲಿ ಬಡ್ಡಿ ಕೊಡುವುದಿಲ್ಲ ಎಂದು ಬರೆದಿರದಿದ್ದರೆ, ಬಾಕಿ ಕೊಡಿ, ಇಲ್ಲದಿದ್ದರೆ ಬಡ್ಡಿ ಕೇಳುತ್ತೇನೆ ಎಂದು ಲಿಖಿತವಾಗಿ ಕೇಳಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ 1978ರ ಬಡ್ಡಿ ಕಾಯಿದೆಯಲ್ಲಿ ಕೋರ್ಟಿಗಿದೆ.

ಆರ್ಬಿಟ್ರೇಷನ್ ಬಗ್ಗೆ ಎರಡೇ ಮಾತು. ಕರಾರಿನಲ್ಲಿ ಆ ಷರತ್ತು ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳಬೇಕು. ಇದ್ದರೆ, ಇಲಾಖೆ ತನಗೆ ಬೇಕಾದ ಒಬ್ಬರನ್ನೇ ತಾನೇ ನೇಮಿಸಿ ಕೂರಿಸುವ ಕಾಲ ಹೋಯಿತು. ಸರ್ಕಾರಿ ಕರಾರಿನಲ್ಲಿ ಅಂಥ ಏಕಪಕ್ಷೀಯ ನೇಮಕ ಸಲ್ಲದು ಎಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೇ ಹೇಳಿದೆ.

ಇಷ್ಟೆಲ್ಲ ಹಕ್ಕು ಇದ್ದರೂ ಅಡಿಪಾಯ ಒಂದೇ: ಎಂ.ಬಿ., ಅಂದರೆ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂದು ಇಂಜಿನಿಯರು ಬರೆಯುವ ಪುಸ್ತಕ. ಅದರಲ್ಲಿ ಬಂದದ್ದು ಕೆಲಸ, ಬರದೇ ಇದ್ದದ್ದು ಮಣ್ಣು. ಪಾಯದ ಕಾಂಕ್ರೀಟು, ಒಳಗಿನ ಕಬ್ಬಿಣ ಇವೆಲ್ಲ ಮುಚ್ಚಿಹೋಗುವ ಕೆಲಸ. ಮುಚ್ಚುವ ಮೊದಲೇ ಕರೆಸಿ ಅಳೆಸದಿದ್ದರೆ ಆಮೇಲೆ ಯಾರು ಅಗೆದು ನೋಡುತ್ತಾರೆ? ಆ ಪುಸ್ತಕದ ನಕಲು ಬಹಳ ಸಣ್ಣ ಕಂಟ್ರಾಕ್ಟರ ಹತ್ತಿರ ಇರುವುದಿಲ್ಲ. ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಅರ್ಜಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ನಕಲಿನ ಶುಲ್ಕ ಬೇರೆ. ಕಂಟ್ರಾಕ್ಟರೇ ಕೇಳಬೇಕೆಂದಿಲ್ಲ. ಆ ತಂಗುದಾಣದಲ್ಲಿ ಬಸ್ಸು ಕಾಯುವವರೂ ಕೇಳಬಹುದು. ಸಿಮೆಂಟು ಕಡಿಮೆ ಹಾಕಿದ್ದಾರೆಂಬ ಅನುಮಾನವಿದ್ದರೆ ಕೆಲಸದ ಮಾದರಿಯನ್ನೇ ತೆಗೆಸಿಕೊಳ್ಳುವ ಹಕ್ಕು ಕೂಡ ಆ ಕಾಯಿದೆಯಲ್ಲಿದೆ. ಕಂಟ್ರಾಕ್ಟರ ಹಕ್ಕಿಗೂ ನಿಮ್ಮ ಹಕ್ಕಿಗೂ ಇಲ್ಲಿ ಜಗಳವಿಲ್ಲ. ಎರಡೂ ಅದೇ ಪುಸ್ತಕದಲ್ಲಿವೆ.

ಈಗ ಕಚೇರಿಗಳ ಕಡೆ. ಅನುದಾನ ಸಾಲದು ಎನ್ನುವುದು ಹಲವು ಸಲ ನಿಜವಿರಬಹುದು. ಅನುದಾನ ಇಲ್ಲದ ಕೆಲಸಕ್ಕೆ ಟೆಂಡರು ಕರೆದದ್ದು ಯಾರು ಎಂದು ಕೇಳಿದರೆ ಎಲ್ಲರೂ ಮೇಲಕ್ಕೆ ಬೆರಳು ತೋರಿಸುತ್ತಾರೆ. ಅಷ್ಟರಲ್ಲಿ ಬಂದ ಹಣವನ್ನಾದರೂ ಯಾವ ಕ್ರಮದಲ್ಲಿ ಹಂಚುತ್ತಾರೆ? ಮೊದಲು ಬಂದ ಬಿಲ್ಲಿಗೆ ಮೊದಲ ಪಾವತಿ ಎಂಬ ಜ್ಯೇಷ್ಠತೆಯ ಮಾತನ್ನು ಎಲ್ಲರೂ ಆಡುತ್ತಾರೆ. ಆ ಪಟ್ಟಿಯನ್ನು ನೋಡಿದವರು ಯಾರು? ಜಿಲ್ಲೆಯ ಪ್ರತಿಯೊಂದು ವಿಭಾಗದ ಕಾರ್ಯಪಾಲಕ ಇಂಜಿನಿಯರ ಕಚೇರಿಯ ಗೋಡೆಯ ಮೇಲೆ ತಿಂಗಳಿಗೊಮ್ಮೆ ಒಂದು ಹಾಳೆ ಅಂಟಿಸಲಿ. ಬಿಲ್ಲು ಬಂದ ತಾರೀಕು, ಮೊತ್ತ, ಪಾವತಿಯಾದ ತಾರೀಕು. ಮೂರೇ ಕಾಲಂ. ಇದಕ್ಕೆ ವಿಧಾನಸೌಧದ ಅಪ್ಪಣೆ ಬೇಕೇ? ಪಡಿತರ ಅಂಗಡಿಯ ಮುಂದೆ ಅಕ್ಕಿ ಎಷ್ಟಿದೆ ಎಂದು ಬೋರ್ಡು ಬರೆಸುವ ಸರ್ಕಾರ ತನ್ನ ಬಾಕಿ ಎಷ್ಟಿದೆ ಎಂದು ಬರೆಯಲು ನಾಚಬೇಕಾಗಿಲ್ಲ.

ಎರಡನೆಯದು, ಸ್ಥಳದಲ್ಲಿ ಬಾಯಿಮಾತಿನ ಆದೇಶ ಕೊಡುವ ಇಂಜಿನಿಯರು ಜೇಬಿನಿಂದ ಒಂದು ಚೀಟಿ ತೆಗೆದು ನಾಲ್ಕು ಸಾಲು ಬರೆದು ಸಹಿ ಹಾಕಲಿ. ಧರೆ ಕುಸಿಯುವಾಗ ತುರ್ತು ಇರುತ್ತದೆ, ಒಪ್ಪೋಣ. ಸಹಿ ಹಾಕಲು ಎಷ್ಟು ಹೊತ್ತು ಬೇಕು? ಹಾಕುವುದಿಲ್ಲ ಅನ್ನುವ ಸಾಹೇಬರಿಗೆ ಕೆಲಸವನ್ನೂ ಮಾಡಿಕೊಡಬಾರದು. ಮುಂದಿನ ಟೆಂಡರಿನಲ್ಲಿ ಸತಾಯಿಸುತ್ತಾರೆ ಎಂಬ ಹೆದರಿಕೆ ನಮಗೂ ಅರ್ಥವಾಗುತ್ತದೆ. ಒಬ್ಬೊಬ್ಬರಾಗಿ ಹೇಳಿದರೆ ಸತಾಯಿಸುತ್ತಾರೆ. ಜಿಲ್ಲೆಯಲ್ಲಿ ಕಂಟ್ರಾಕ್ಟರ ಸಂಘಗಳಿವೆ, ವಾರ್ಷಿಕೋತ್ಸವಕ್ಕೆ ಮಂತ್ರಿಗಳಿಗೆ ಹಾರ ಹಾಕುತ್ತವೆ. ಈ ಒಂದು ವಿಷಯಕ್ಕೆ ಎಲ್ಲರೂ ಒಟ್ಟಿಗೆ ಕೂತು ಲಿಖಿತ ಆದೇಶವಿಲ್ಲದೆ ಬುಟ್ಟಿ ಮಣ್ಣೂ ಎತ್ತುವುದಿಲ್ಲ ಎಂದು ಠರಾವು ಮಾಡಲು ಅವರಿಗೆ ಯಾರ ಅಡ್ಡಿ?

ಬಿಲ್ಲು ಸಿಕ್ಕಿದವರಿಗೂ ಕೈಗೆ ಪೂರ್ತಿ ಬರುವುದಿಲ್ಲ ಎನ್ನುವುದನ್ನು ಶೆಟ್ಟರಂಥವರು ತಿಳಿದಿರಲಿ. ಒಬ್ಬಂಟಿ ಕಂಟ್ರಾಕ್ಟರಾದರೆ ಆದಾಯ ತೆರಿಗೆ ನೂರಕ್ಕೆ 1, ಕಟ್ಟಡ ಕಾರ್ಮಿಕರ ಸೆಸ್ಸು 1, ಜಿ.ಎಸ್.ಟಿ. ಬಾಬ್ತು 2, ಅದರ ಮೇಲೆ ಠೇವಣಿ, ಜಲ್ಲಿ-ಮರಳಿನ ರಾಜಧನ ಎಲ್ಲ ಅಲ್ಲೇ ಮುರಿಯುತ್ತಾರೆ. ಸರ್ಕಾರಿ ಕಾಮಗಾರಿಯ ಜಿ.ಎಸ್.ಟಿ.ಯೇ 2022ರ ಜುಲೈ 18ರಿಂದ 12 ಇದ್ದದ್ದು 18 ಆಯಿತು. ಲಾಭ ಇರುತ್ತದೆ, ಇಲ್ಲ ಅಂತಲ್ಲ. ಹಣ ಎರಡು ವರ್ಷ ನಿಂತರೆ ಆ ಲಾಭ ಬಡ್ಡಿಗೆ ಹೋಗುತ್ತದೆ, ಮುಂದಿನ ಕೆಲಸದ ಸಿಮೆಂಟಿನಲ್ಲಿ ಕೈ ಬಿಗಿಯಾಗುತ್ತದೆ. ಅದರ ಫಲ ಬಸ್ಸಿನಲ್ಲಿ ಕೂತವರ ಬೆನ್ನಿಗೆ ಗೊತ್ತು.

ಮೊನ್ನೆ ಸೋಮವಾರ ಆ ಕಂಟ್ರಾಕ್ಟರು ಮತ್ತೆ ಸಿಕ್ಕಿದರು. ಕೋರ್ಟಿನ ಹತ್ತಿರ ಟೈಪು ಮಾಡಿಸಿದ ಎರಡು ಹಾಳೆ ತೋರಿಸಿದರು. ಒಂದು, ಉಳಿದ ಆರೂವರೆ ಲಕ್ಷಕ್ಕೆ ಬಡ್ಡಿಯ ಮಾತು ಸೇರಿಸಿ ಕೇಳಿದ್ದು. ಇನ್ನೊಂದು ಗೋಡೆಯದು, ಸಾಹೇಬರು ಬಂದ ತಾರೀಕು, ಆವತ್ತು ಜೊತೆಗಿದ್ದ ಮೂವರ ಹೆಸರು, ಗೋಡೆ ಏಳುವಾಗ ಮೊಬೈಲಿನಲ್ಲಿ ತೆಗೆದ ಫೋಟೋ ಸಮೇತ. ರಿಜಿಸ್ಟರ್ ಅಂಚೆ ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ ಅದರಲ್ಲೇ ಕಳಿಸಿ, ರಸೀದಿಯನ್ನು ಪರ್ಸಿನಲ್ಲಿ ದೇವರ ಪಟದ ಹಿಂದೆ ಇಟ್ಟುಕೊಂಡಿದ್ದಾರೆ. ಅವರ ಮೂರು ವರ್ಷ ತುಂಬುವುದು 2027ರ ಮಾರ್ಚ್‌ನಲ್ಲಿ. ಶೆಟ್ಟರ ಖಾತೆ ಅದಕ್ಕೂ ಸ್ವಲ್ಪ ಮುಂಚೆ.